ಕಾರ್ಬನ್ ಸೈಕಲ್: 5 ನ್ಯೂಟನ್ ಮೀಟರ್‌ಗೆ ಬಿಗಿದರೂ ಸೀಟ್‌ಪೋಸ್ಟ್ ಜಾರುತ್ತಿದೆ

ಏರುದಾರಿ:

ಎಲ್ಲರಿಗೂ ನಮಸ್ಕಾರ. ನನ್ನದು ಸೆಕೆಂಡ್ ಹ್ಯಾಂಡ್ ರೋಡ್ ಸೈಕಲ್. ಫ್ರೇಮ್ ಕಾರ್ಬನ್, ಸೀಟ್‌ಪೋಸ್ಟೂ (ಸೀಟನ್ನು ಹೊತ್ತು ಫ್ರೇಮ್‌ನೊಳಗೆ ಇಳಿಯುವ ಕೊಳವೆ) ಕಾರ್ಬನ್. ಗುಂಡಗಿನ ಪೋಸ್ಟ್, 27.2 ಮಿ.ಮೀ. ಸೀಟು ನಿಧಾನಕ್ಕೆ ಕೆಳಗಿಳಿಯುತ್ತಿದೆ. ಹೊರಡುವಾಗ ಸರಿಯಾಗಿರುತ್ತದೆ. ಮನೆಗೆ ಬರುವಷ್ಟರಲ್ಲಿ ಮೂರು ನಾಲ್ಕು ಮಿ.ಮೀ. ಇಳಿದಿರುತ್ತದೆ. ಮಂಡಿಯ ಮುಂಭಾಗ ನೋಯಲು ಶುರುವಾದ ಮೇಲೆ ಅಳತೆ ಹಿಡಿದು ನೋಡಿದೆ, ಆಗ ಗೊತ್ತಾಯಿತು.

ಪೋಸ್ಟ್ ಜಾರದಂತೆ ಫ್ರೇಮ್ ಸುತ್ತ ಬಿಗಿಯುವ ಕ್ಲ್ಯಾಂಪ್ ಮೇಲೆ ಗರಿಷ್ಠ 5 ನ್ಯೂಟನ್ ಮೀಟರ್ ಎಂದು ಬರೆದಿದೆ. ಬಿಗಿತ ಅಳೆಯುವ ಟಾರ್ಕ್ ರೆಂಚ್ ಹಿಡಿದೇ ಬಿಗಿದಿದ್ದೇನೆ, ಟಿಕ್ ಎಂದು ಸದ್ದೂ ಬಂದಿದೆ. ಪೋಸ್ಟ್‌ಗೆ ಏನೂ ಹಚ್ಚಿಲ್ಲ. ಇನ್ನೂ ಸ್ವಲ್ಪ ಬಿಗಿಯಲಾ? ಕಾರ್ಬನ್ ಬಿರುಕು ಬಿಟ್ಟರೆ ಎಂಬ ಭಯ.

ಬಿಗಿಪಟ್ಟು:

ಕಂಪನಿಯವರು ತಮ್ಮ ತಲೆ ಉಳಿಸಿಕೊಳ್ಳಲು ಬರೆಯುವ ಸಂಖ್ಯೆ ಅದು. ನಾನು 7ಕ್ಕೆ ಬಿಗಿದು ವರ್ಷಗಟ್ಟಲೆ ಓಡಿಸುತ್ತಿದ್ದೇನೆ, ಏನೂ ಆಗಿಲ್ಲ. ಸುಮ್ನೆ ಹೆದರಬೇಡಿ, ಇನ್ನೊಂದು ಕಾಲು ಸುತ್ತು ತಿರುಗಿಸಿ.

ಹಳೇಸ್ಪ್ಯಾನರ್:

ದಯವಿಟ್ಟು ತಿರುಗಿಸಬೇಡಿ. ಮೊದಲು ನಾಲ್ಕು ಪ್ರಶ್ನೆ ಕೇಳುತ್ತೇನೆ.

ಜಾರುತ್ತಿರುವುದು ಪೋಸ್ಟೇನಾ? ಖಚಿತ ಮಾಡಿಕೊಳ್ಳಿ. ಸೀಟು ಇಳಿದ ಹಾಗೆ ಅನ್ನಿಸಲು ಬೇರೆ ಕಾರಣಗಳೂ ಇವೆ. ಪೋಸ್ಟ್‌ನ ತಲೆಯಲ್ಲಿರುವ ಬೋಲ್ಟ್ ಸಡಿಲವಾಗಿ ಸೀಟಿನ ಮೂತಿ ಬಾಗಬಹುದು. ಸೀಟು ತನ್ನ ಹಳಿಗಳ ಮೇಲೆ ಹಿಂದೆ ಸರಿದಿರಬಹುದು. ಅವಕ್ಕೆ ಮಾಡುವ ಕೆಲಸವೇ ಬೇರೆ. ಪೋಸ್ಟ್ ಫ್ರೇಮ್‌ನೊಳಗೆ ಹೋಗುವ ಜಾಗದಲ್ಲಿ, ಫ್ರೇಮ್ ಅಂಚಿಗೆ ಸರಿಯಾಗಿ ತಾಗುವಂತೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಸುತ್ತಿ. ಒಂದು ರೈಡ್ ಹೋಗಿ ಬನ್ನಿ. ಪೋಸ್ಟ್ ಇಳಿದಿದ್ದರೆ ಟೇಪ್ ಅಂಚಿಗೆ ಒತ್ತಿಕೊಂಡು ಮುದುಡಿರುತ್ತದೆ. ಟೇಪ್‌ನಿಂದ ಫ್ರೇಮ್ ಮೇಲಕ್ಕೂ ಸಾಗುವ ಹಾಗೆ ನೇರವಾಗಿ ಒಂದು ಪೆನ್ನಿನ ಗೆರೆ ಎಳೆದುಕೊಂಡರೆ ಪೋಸ್ಟ್ ತಿರುಗುತ್ತಿದೆಯಾ ಅನ್ನುವುದೂ ಗೊತ್ತಾಗುತ್ತದೆ. ಚಾಕುವಿನಿಂದಲೋ ಮೊಳೆಯಿಂದಲೋ ಗೀಚಿ ಗುರುತು ಹಾಕುವವರನ್ನು ನೋಡಿದ್ದೇನೆ. ಕಾರ್ಬನ್ ಮೇಲೆ ಆ ಕೆಲಸ ಬೇಡವೇ ಬೇಡ.

ಎರಡನೆಯದು, ಒಳಗೆ ಗ್ರೀಸ್ ಇದೆಯಾ? ನೀವು ಹಚ್ಚಿಲ್ಲ ಸರಿ, ಹಳೆಯ ಮಾಲೀಕರು ಹಚ್ಚಿರಬಹುದಲ್ವಾ? ಉಕ್ಕಿನ ಸೈಕಲ್ ಕಾಲದಿಂದ ಬಂದವರಿಗೆ ಪೋಸ್ಟ್ ಎಂದರೆ ಗ್ರೀಸ್ ಹಚ್ಚುವುದು ಅಭ್ಯಾಸ. ಲೋಹಕ್ಕೆ ಅದು ಸರಿ. ಕಾರ್ಬನ್ ಮೇಲೆ ಕಾರ್ಬನ್ ಇರುವಲ್ಲಿ ಅದೇ ಗ್ರೀಸ್ ಹಿಡಿತ ತಪ್ಪಿಸುತ್ತದೆ.

ಮೂರನೆಯದು, ಪೋಸ್ಟ್‌ನ ನಿಜವಾದ ಅಳತೆ. ಮೇಲೆ 27.2 ಎಂದು ಬರೆದಿದ್ದರೆ ಸಾಲದು, ವರ್ನಿಯರ್ ಹಿಡಿದು ನೋಡಬೇಕು.

ನಾಲ್ಕನೆಯದು, ಕ್ಲ್ಯಾಂಪ್. ಬಿಗಿದ ಮೇಲೆ, ಬೋಲ್ಟ್ ತೂರುವ ಅದರ ಎರಡು ಕಿವಿಗಳ ನಡುವೆ ಸಂದು ಉಳಿದಿದೆಯಾ? ಅದರ ಒಂದು ಹತ್ತಿರದ ಫೋಟೋ ಹಾಕಿ.

ಲೆಕ್ಕದವ:

ಹಳೇಸ್ಪ್ಯಾನರ್ ಹೇಳಿದ್ದಕ್ಕೆ ಸ್ವಲ್ಪ ಲೆಕ್ಕ ಸೇರಿಸುತ್ತೇನೆ. ಇಷ್ಟವಿಲ್ಲದವರು ಈ ಪ್ಯಾರಾ ಬಿಟ್ಟು ಮುಂದೆ ಹೋಗಿ.

ಕ್ಲ್ಯಾಂಪ್‌ನಲ್ಲಿ ಸಾಮಾನ್ಯವಾಗಿ 5 ಮಿ.ಮೀ. ದಪ್ಪದ ಎಂ5 ಬೋಲ್ಟ್ ಇರುತ್ತದೆ. ಟಾರ್ಕ್ ಎಂದರೆ ನಾವು ಕೈಯಿಂದ ತಿರುಗಿಸುವ ಬಲ. ನಮಗೆ ಬೇಕಾದದ್ದು ಬೋಲ್ಟ್ ಎಳೆಯುವ ಬಲ. ಇವೆರಡರ ನಡುವೆ ಥ್ರೆಡ್‌ನ ಘರ್ಷಣೆ ಕೂತಿರುತ್ತದೆ. ಸಾಮಾನ್ಯ ಬೋಲ್ಟ್‌ಗೆ ಆ ಗುಣಾಂಕವನ್ನು 0.2 ಎಂದು ಹಿಡಿಯುವುದು ವಾಡಿಕೆ. 5 ನ್ಯೂಟನ್ ಮೀಟರನ್ನು 0.2ರಿಂದಲೂ 0.005 ಮೀಟರ್ ವ್ಯಾಸದಿಂದಲೂ ಭಾಗಿಸಿ. 5,000 ನ್ಯೂಟನ್ ಬರುತ್ತದೆ. ಅಂದರೆ ಹತ್ತಿರಹತ್ತಿರ 500 ಕೆ.ಜಿ. ತೂಕ ನೇತುಹಾಕಿದಷ್ಟು ಎಳೆತ. ಕ್ಲ್ಯಾಂಪ್ ಸುತ್ತಲೂ ಒತ್ತುವ ಪಟ್ಟಿಯಾದ್ದರಿಂದ ಒಟ್ಟು ಒತ್ತಡ ಇದರ 6.28 ಪಟ್ಟು, 31,000 ನ್ಯೂಟನ್‌ಗೂ ಜಾಸ್ತಿ. ಪೋಸ್ಟ್ ಮತ್ತು ಫ್ರೇಮ್ ನಡುವಿನ ಘರ್ಷಣೆ 0.1 ಎಂದು ಕಡಿಮೆಯಾಗಿಯೇ ಹಿಡಿದರೂ 3,100 ನ್ಯೂಟನ್ ತಡೆಯಬೇಕು. 300 ಕೆ.ಜಿ. ಮೀರಿದ ಲೆಕ್ಕ.

ನಿಜದಲ್ಲಿ ಇಷ್ಟು ಸಿಗುವುದಿಲ್ಲ. ಕ್ಲ್ಯಾಂಪ್ ಫ್ರೇಮ್‌ಗೆ ಉಜ್ಜಿಕೊಂಡು ಸ್ವಲ್ಪ ಬಲ ಹೋಗುತ್ತದೆ, ಫ್ರೇಮ್‌ನ ಕತ್ತನ್ನು ಬಾಗಿಸಲು ಸ್ವಲ್ಪ ಹೋಗುತ್ತದೆ. ಗುಂಡಿಗೆ ಬಿದ್ದಾಗ ಸೀಟಿನ ಮೇಲೆ ನಮ್ಮ ತೂಕದ ಎಷ್ಟೋ ಪಟ್ಟು ಹೊಡೆತ ಬೀಳುತ್ತದೆ. ಆದರೂ ಅರ್ಧ ಬಲ ಉಳಿದರೂ ಸಾಧಾರಣ ತೂಕದವರಿಗೆ ಪೋಸ್ಟ್ ಅಲುಗಬಾರದು. ಹಾಗಾಗಿ 5ಕ್ಕೆ ಬಿಗಿದೂ ಜಾರುತ್ತಿದ್ದರೆ ಬಿಗಿತ ಕಡಿಮೆ ಎಂದಲ್ಲ. ಆ ಬಲ ಪೋಸ್ಟ್‌ಗೆ ತಲುಪುತ್ತಿಲ್ಲ. ಎಲ್ಲಿ ಸೋರಿ ಹೋಗುತ್ತಿದೆ ಎಂದು ಹುಡುಕಬೇಕು. 7ಕ್ಕೆ ಬಿಗಿದರೆ ಸೋರುವ ಜಾಗಕ್ಕೇ ಇನ್ನಷ್ಟು ಹೋಗುತ್ತದೆ.

ಬಿಗಿಪಟ್ಟು:

ಲೆಕ್ಕ ಚೆನ್ನಾಗಿದೆ, ಆದರೆ ನನ್ನ ಪೋಸ್ಟ್ 7ರಲ್ಲಿ ನಿಂತಿದೆಯಲ್ಲ ಸ್ವಾಮಿ. ಪೋಸ್ಟ್ ಸಣ್ಣದಿದ್ದರೆ ತಂಪು ಪಾನೀಯದ ಡಬ್ಬಿ ಕತ್ತರಿಸಿ ಸುತ್ತಿ. ಹಳೆಯ ಉಪಾಯ, ಎಂದೂ ಕೈಕೊಟ್ಟಿಲ್ಲ.

ಮಣ್ಣುಹಾದಿ:

ಡಬ್ಬಿ ಉಪಾಯ ಉಕ್ಕಿನ ಫ್ರೇಮ್‌ಗೆ ಸರಿ, ನಾನೂ ಮಾಡಿದ್ದೇನೆ. ಕಾರ್ಬನ್‌ಗೆ ಬೇಡ. ಆ ತಗಡಿನ ದಪ್ಪ ಸುಮಾರು 0.1 ಮಿ.ಮೀ. ಕತ್ತರಿಸಿದ ಅಂಚು ಬ್ಲೇಡ್ ತರಹ ಇರುತ್ತದೆ. ಸುತ್ತಿದಾಗ ಒಂದು ಕಡೆ ಒಂದರ ಮೇಲೊಂದು ಕೂತರೆ ಅಲ್ಲಿ ಮಾತ್ರ ಒತ್ತಡ ಜಾಸ್ತಿ. ಕಾರ್ಬನ್ ಸಮನಾಗಿ ಹಂಚಿದ ಒತ್ತಡವನ್ನು ಚೆನ್ನಾಗಿಯೇ ತಡೆಯುತ್ತದೆ, ಒಂದೇ ಗೆರೆಯ ಮೇಲೆ ಬೀಳುವ ಒತ್ತಡ ಅದಕ್ಕೆ ಆಗುವುದಿಲ್ಲ. ಸಾಲದ್ದಕ್ಕೆ ತಗಡು ಅಲ್ಯೂಮಿನಿಯಂ. ಬೆವರು ಸೇರಿದರೆ ಅಲ್ಲೇ ತುಕ್ಕು ಹಿಡಿದು ಅಂಟಿಕೊಳ್ಳುತ್ತದೆ.

ನಿಜವಾಗಿಯೂ ಪೋಸ್ಟ್ ಸಣ್ಣದಿದ್ದರೆ ಅದಕ್ಕೇ ಮಾಡಿದ ಶಿಮ್ ಸಿಗುತ್ತದೆ, ಉದ್ದದ ಕೊಳವೆ. ಅದರ ಸೀಳು, ಬಿಗಿದಾಗ ಕಿರಿದಾಗಲೆಂದು ಫ್ರೇಮ್‌ನ ಬಾಯಲ್ಲಿ ಕೊಟ್ಟಿರುವ ಸೀಳಿಗೆ ಸರಿಯಾಗಿ ಕೂರಬೇಕು.

ಗಾಳಿಗೆದುರು:

ಏರುದಾರಿ ಅವರೇ, ಪೋಸ್ಟ್ ಎಷ್ಟು ಒಳಗೆ ಹೋಗಿದೆ? ಕನಿಷ್ಠ ಇಷ್ಟಾದರೂ ಒಳಗಿರಬೇಕು ಎಂದು ಪೋಸ್ಟ್ ಮೇಲೆ ಹಾಕಿರುವ ಗುರುತು ಹೊರಗೆ ಕಾಣುತ್ತಿಲ್ಲ ತಾನೆ?

ಏರುದಾರಿ:

ಗುರುತು ಚೆನ್ನಾಗಿ ಒಳಗಿದೆ. ಟೇಪ್ ಪರೀಕ್ಷೆ ಮಾಡಿದೆ. ಪೋಸ್ಟೇ ಇಳಿಯುತ್ತಿದೆ, ಟೇಪ್ ಅಕಾರ್ಡಿಯನ್ ತರಹ ಮಡಿಚಿಕೊಂಡಿತ್ತು. ತಿರುಗುತ್ತಿಲ್ಲ, ಸೀಟು ಬಾಗಿಲ್ಲ. ವರ್ನಿಯರ್ ಇವತ್ತು ಸಂಜೆ ಸಿಗುತ್ತದೆ. ಪೋಸ್ಟ್ ಹೊರಗೆ ತೆಗೆಯುವಾಗ ಏನಾದರೂ ಜಾಗ್ರತೆ ಬೇಕಾ? ಗೇರ್ ಎಲೆಕ್ಟ್ರಾನಿಕ್, ಶಿಮಾನೊ ಡಿಐ2.

ಹಳೇಸ್ಪ್ಯಾನರ್:

ಒಳ್ಳೆಯದಾಯಿತು ಕೇಳಿದ್ದು. ಡಿಐ2 ಬ್ಯಾಟರಿಯನ್ನು ಬಹಳ ಫ್ರೇಮ್‌ಗಳಲ್ಲಿ ಪೋಸ್ಟ್‌ನ ಒಳಗೇ ಸಿಕ್ಕಿಸಿರುತ್ತಾರೆ. ತಂತಿ ಕೆಳಗೆ ಫ್ರೇಮ್‌ಗೆ ಹೋಗಿರುತ್ತದೆ. ಜಗ್ಗಿ ಎಳೆದರೆ ತಂತಿ ಕಳಚಿ ಫ್ರೇಮ್‌ನೊಳಗೆ ಬೀಳುತ್ತದೆ, ಆಮೇಲೆ ಅದನ್ನು ಹೊರಗೆ ತೆಗೆಯುವುದು ಅರ್ಧ ದಿನದ ಕೆಲಸ. ನಿಧಾನಕ್ಕೆ ಮೇಲೆತ್ತಿ, ತಂತಿ ಕಂಡ ತಕ್ಷಣ ಅದಕ್ಕೊಂದು ಟೇಪ್ ಹಚ್ಚಿ ಫ್ರೇಮ್ ಅಂಚಿಗೆ ಅಂಟಿಸಿ. ಆಮೇಲೆ ಬ್ಯಾಟರಿಯಿಂದ ಬಿಡಿಸಿ.

ತೆಗೆಯುವ ಮೊದಲು ಸೀಟಿನ ಎತ್ತರ ಅಳೆದು ಬರೆದಿಟ್ಟುಕೊಳ್ಳಿ. ಕ್ರ್ಯಾಂಕ್ (ಪೆಡಲ್ ತೋಳು) ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗದವರೆಗೆ, ಸೀಟ್ ಟ್ಯೂಬ್ (ಪೋಸ್ಟ್ ಇಳಿಯುವ ಫ್ರೇಮ್ ಕೊಳವೆ) ಪಕ್ಕದಲ್ಲೇ. ಇದು ಜಾರದೆ ಇದ್ದಾಗಿನ ಎತ್ತರ ಆಗಬೇಕು, ಈಗ ಇಳಿದಿರುವ ಎತ್ತರ ಅಲ್ಲ.

ಹೊರಗೆ ಬಂದ ಮೇಲೆ ಶುಚಿ. ಈ ಕೆಲಸದಲ್ಲಿ ಅವಸರ ಬೇಡ. ಬಟ್ಟೆಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿಕೊಂಡು ಪೋಸ್ಟ್ ಒರೆಸಿ. ಬಟ್ಟೆ ಕಪ್ಪಾಗುವುದು ನಿಲ್ಲುವವರೆಗೆ ಬಟ್ಟೆ ಬದಲಿಸುತ್ತಾ ಹೋಗಿ. ಸೀಟ್ ಟ್ಯೂಬ್‌ನ ಒಳಭಾಗವೂ ಅಷ್ಟೇ ಮುಖ್ಯ, ಅದನ್ನು ಮರೆಯುವವರೇ ಜಾಸ್ತಿ. ಒಂದು ಕೋಲಿಗೆ ಬಟ್ಟೆ ಸುತ್ತಿ ಪೋಸ್ಟ್ ಮುಟ್ಟುವಷ್ಟು ಆಳಕ್ಕೂ ಒರೆಸಿ. ನೇರವಾಗಿ ಸುರಿಯಬೇಡಿ, ಕೆಳಗೆ ಇಳಿದು, ಕ್ರ್ಯಾಂಕ್ ತಿರುಗುವ ಬಾಟಮ್ ಬ್ರಾಕೆಟ್ ಬೇರಿಂಗ್‌ಗೆ ಹೋಗುತ್ತದೆ. ಸೀಳಿನ ಒಳಗೆ, ಕ್ಲ್ಯಾಂಪ್‌ನ ಒಳಮೈಯಲ್ಲಿ ಇರುವ ಮಣ್ಣೂ ಹೋಗಬೇಕು. ಚೈನ್ ತೊಳೆಯುವ ಸ್ಪ್ರೇ ಬಳಸಬೇಡಿ, ಅದರಲ್ಲಿ ಕೆಲವು ಒಣಗಿದ ಮೇಲೂ ಜಿಡ್ಡು ಬಿಡುತ್ತವೆ. ಡಿಸ್ಕ್ ಬ್ರೇಕ್ ಇದ್ದರೆ ರೋಟರ್ ಮೇಲೆ ಏನೂ ಹಾರದಂತೆ ಮುಚ್ಚಿಡಿ.

ಒರೆಸಿದ ಮೇಲೆ ಒಳ್ಳೆಯ ಬೆಳಕಿನಲ್ಲಿ ನೋಡಿ. ಪೋಸ್ಟ್ ಮೇಲೆ ಉದ್ದುದ್ದ ತೆಳು ಗೀರುಗಳಿದ್ದರೆ ಚಿಂತೆಯಿಲ್ಲ, ಅದು ಮೇಲಿನ ವಾರ್ನಿಷ್ ಅಷ್ಟೇ. ಸುತ್ತಲೂ ಅಡ್ಡವಾಗಿ ಬಳೆಯಂತೆ ಒತ್ತಿದ ಗುರುತು, ಬೆರಳಿಗೆ ಸಿಗುವ ತಗ್ಗು, ಬಿಳಿಚಿಕೊಂಡ ಗೆರೆ, ಎದ್ದು ನಿಂತ ನಾರು ಕಂಡರೆ ಆ ಪೋಸ್ಟ್ ಮುಗಿಯಿತು. ಫ್ರೇಮ್‌ನಲ್ಲಿ ಸೀಳಿನ ಕೆಳತುದಿ ನೋಡಿ. ಅಲ್ಲಿ ಒಂದು ಸಣ್ಣ ಗುಂಡು ತೂತು ಇರುತ್ತದೆ. ಸೀಳಿನ ಚೂಪು ತುದಿಯಿಂದ ಬಿರುಕು ಮುಂದಕ್ಕೆ ಓಡದಿರಲಿ ಎಂದೇ ಆ ತೂತು ಕೊಟ್ಟಿರುವುದು. ಜಾಸ್ತಿ ಬಿಗಿದ ಫ್ರೇಮ್‌ಗಳಲ್ಲಿ ಬಿರುಕು ಶುರುವಾಗುವುದು ಅಲ್ಲೇ.

ಬಿಗಿಪಟ್ಟು:

ಇದಕ್ಕೇ ನಾನು ಹೇಳುವುದು, ಕಾರ್ಬನ್ ಅಂದರೆ ಗಾಜು. ಅಲ್ಯೂಮಿನಿಯಂ ತೆಗೆದುಕೊಳ್ಳಿ, ನೆಮ್ಮದಿಯಾಗಿರಿ.

ಲೆಕ್ಕದವ:

2006ರ ಪ್ಯಾರಿಸ್–ರೂಬೆ ಸೈಕಲ್ ರೇಸ್‌ನಲ್ಲಿ ಜಾರ್ಜ್ ಹಿಂಕಾಪಿ ಅವರ ಹ್ಯಾಂಡಲ್‌ಬಾರ್ ಕೈಗೇ ಬಂದು ಅವರು ಬಿದ್ದರಲ್ಲ, ಅಲ್ಲಿ ಮುರಿದದ್ದು ಫೋರ್ಕ್‌ನ ಸ್ಟಿಯರರ್ ಟ್ಯೂಬ್, ಹ್ಯಾಂಡಲ್ ಕೂರುವ ಕೊಳವೆ. ಅದು ಅಲ್ಯೂಮಿನಿಯಂ.

ಬಿಗಿಪಟ್ಟು:

ಸರಿಯಪ್ಪ, ಸರಿ.

ಏರುದಾರಿ:

ವರ್ನಿಯರ್ ಸಿಕ್ಕಿತು. ಪೋಸ್ಟ್ ತೆಗೆದೆ, ಬ್ಯಾಟರಿ ತಂತಿ ಸುರಕ್ಷಿತ. ಹಳೇಸ್ಪ್ಯಾನರ್ ಊಹಿಸಿದ ಹಾಗೇ ಒಳಗೆ ಹಳೆಯ ಗ್ರೀಸ್ ಇತ್ತು, ಧೂಳು ಸೇರಿ ಕಪ್ಪು ಅಂಟಾಗಿತ್ತು. ಪೋಸ್ಟ್ ಅಳತೆ ಕ್ಲ್ಯಾಂಪ್ ಹಿಡಿಯುವ ಜಾಗದಲ್ಲಿ 27.15, ಕೆಳಗೆ 27.2. ಎಡಬಲ, ಹಿಂದೆಮುಂದೆ ಎರಡೂ ಕಡೆ ಅಷ್ಟೇ. ಬಿರುಕು, ತಗ್ಗು ಏನೂ ಕಾಣುತ್ತಿಲ್ಲ. ಫ್ರೇಮ್‌ನ ಸೀಳಿನ ತುದಿಯೂ ಚೆನ್ನಾಗಿದೆ.

ಆದರೆ ಕ್ಲ್ಯಾಂಪ್ ಫೋಟೋ ನೋಡಿ. ಪೋಸ್ಟ್ ಹಾಕಿ 5ಕ್ಕೆ ಬಿಗಿದಾಗ ತೆಗೆದದ್ದು. ಕಿವಿಗಳ ನಡುವೆ ಸಂದು ಇಲ್ಲವೇ ಇಲ್ಲ.

ಹಳೇಸ್ಪ್ಯಾನರ್:

ಸಿಕ್ಕಿತು. ಕ್ಲ್ಯಾಂಪ್‌ನ ಒಳಗಡೆ ಅಥವಾ ಪಕ್ಕದಲ್ಲಿ ಒಂದು ಸಂಖ್ಯೆ ಕೆತ್ತಿರುತ್ತಾರೆ, ಓದಿ ಹೇಳಿ. ಫ್ರೇಮ್‌ನ ಕತ್ತಿನ ಹೊರ ಅಳತೆಯನ್ನೂ ಹಿಡಿಯಿರಿ. ಪೋಸ್ಟ್ ಅಳತೆ ಅಲ್ಲ, ಕ್ಲ್ಯಾಂಪ್ ಕೂರುವ ಜಾಗದ್ದು.

ಏರುದಾರಿ:

ಕ್ಲ್ಯಾಂಪ್ ಮೇಲೆ 36.4. ಫ್ರೇಮ್ 34.9.

ಲೆಕ್ಕದವ:

ವ್ಯಾಸದಲ್ಲಿ 1.5 ಮಿ.ಮೀ. ವ್ಯತ್ಯಾಸ. ಸುತ್ತಳತೆಯಲ್ಲಿ 4.7 ಮಿ.ಮೀ. ಕ್ಲ್ಯಾಂಪ್‌ನ ಕಿವಿಗಳ ನಡುವಿನ ಸಂದು ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಅಂದರೆ ಕ್ಲ್ಯಾಂಪ್ ಫ್ರೇಮ್‌ಗೆ ಮುಟ್ಟುವ ಹೊತ್ತಿಗೆ ಕಿವಿಗಳು ಒಂದಕ್ಕೊಂದು ತಾಗಿ ಆಗಿದೆ. ಆಮೇಲೆ ನೀವು ತಿರುಗಿಸಿದ್ದೆಲ್ಲ ಎರಡು ಕಿವಿಗಳನ್ನು ಒತ್ತಲು ಹೋಗಿದೆ. ರೆಂಚ್‌ಗೆ ಅದೆಲ್ಲ ಏನು ಗೊತ್ತು? 5 ಮುಟ್ಟಿತು, ಟಿಕ್ ಎಂದಿತು. 7ಕ್ಕೆ ಬಿಗಿದಿದ್ದರೂ, 10ಕ್ಕೆ ಬಿಗಿದಿದ್ದರೂ ಪೋಸ್ಟ್‌ಗೆ ಒಂದು ಚೂರೂ ಜಾಸ್ತಿ ಹಿಡಿತ ಸಿಗುತ್ತಿರಲಿಲ್ಲ. ಬೋಲ್ಟ್‌ನ ಥ್ರೆಡ್ ಕಿತ್ತುಬರುತ್ತಿತ್ತು, ಅಷ್ಟೇ.

ಹಳೇಸ್ಪ್ಯಾನರ್:

ಬೇರೆ ಫ್ರೇಮ್‌ನ ಕ್ಲ್ಯಾಂಪ್ ತಂದು ಹಾಕಿದ್ದಾರೆ. ಸೆಕೆಂಡ್ ಹ್ಯಾಂಡ್ ಸೈಕಲ್‌ಗಳಲ್ಲಿ ಇದು ಆಗುತ್ತಲೇ ಇರುತ್ತದೆ. ಬಣ್ಣ ಹೊಂದಿದರೆ ಸಾಕು ಎಂದು ಹಾಕಿಬಿಡುತ್ತಾರೆ.

ಈಗ 34.9 ಕ್ಲ್ಯಾಂಪ್ ತನ್ನಿ. 35 ಎಂದು ಬರೆದಿರುವುದೂ ಅದೇ ಅಳತೆಗೆ ಬರುತ್ತದೆ. ಬೋಲ್ಟ್ ಇರುವುದನ್ನೇ ತೆಗೆದುಕೊಳ್ಳಿ. ಕೈಯಿಂದ ಮಡಚುವ ಕ್ವಿಕ್ ರಿಲೀಸ್ ಕಾರ್ಬನ್ ಪೋಸ್ಟ್‌ಗೆ ಬೇಡ, ಎಷ್ಟು ಬಲ ಹಾಕಿದಿರಿ ಎಂದು ಅಳೆಯುವುದಕ್ಕೇ ಆಗುವುದಿಲ್ಲ. ಎರಡು ಬೋಲ್ಟ್ ಇರುವ ಕ್ಲ್ಯಾಂಪ್ ಸಿಕ್ಕರೆ ಒಳ್ಳೆಯದು, ಒತ್ತಡ ಅಗಲಕ್ಕೆ ಹಂಚಿಹೋಗುತ್ತದೆ. ಆದರೆ ಅದನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಮೇಲಿನದ್ದನ್ನು ಪೂರ್ತಿ ಬಿಗಿದು ಆಮೇಲೆ ಕೆಳಗಿನದ್ದಕ್ಕೆ ಹೋದರೆ ಮೇಲಿನದು ಮತ್ತೆ ಸಡಿಲವಾಗಿರುತ್ತದೆ.

ಕ್ಲ್ಯಾಂಪ್ ಪೂರ್ತಿ ಕೆಳಗೆ ಕೂರಲಿ. ಅದರ ಒಳಗಿನ ಮೇಲಂಚಿಗೆ ಫ್ರೇಮ್‌ನ ತುದಿ ತಾಗಬೇಕು, ಓರೆಯಾಗಿ ಕೂರಬಾರದು. ಕ್ಲ್ಯಾಂಪ್‌ನ ಸೀಳು ಯಾವ ಕಡೆಗೆ ಎಂಬ ಬಗ್ಗೆ ಜಗಳ ಇದ್ದೇ ಇದೆ. ಕೆಲವು ತಯಾರಕರು ಫ್ರೇಮ್‌ನ ಸೀಳಿಗೆ ಸರಿಯಾಗಿ ಇಡಿ ಎನ್ನುತ್ತಾರೆ, ಕೆಲವರು ಎದುರು ದಿಕ್ಕಿಗೆ ತಿರುಗಿಸಿ ಎನ್ನುತ್ತಾರೆ. ನಿಮ್ಮ ಫ್ರೇಮ್‌ನ ಕೈಪಿಡಿ ಏನು ಹೇಳುತ್ತದೋ ಅದೇ ಸರಿ.

ಇನ್ನು ಪೇಸ್ಟ್. ಗ್ರೀಸ್ ಇದ್ದ ಜಾಗ, ಪೋಸ್ಟ್ ಕೂಡ ಕೂದಲೆಳೆಯಷ್ಟು ಸಣ್ಣದಿದೆ. ಪೇಸ್ಟ್ ಹಚ್ಚಿಯೇಬಿಡಿ. ಕಾರ್ಬನ್ ಅಸೆಂಬ್ಲಿ ಪೇಸ್ಟ್ ಎಂದು ಕೇಳಿದರೆ ಕೊಡುತ್ತಾರೆ. ಫಿನಿಶ್ ಲೈನ್, ಪಾರ್ಕ್ ಟೂಲ್, ಮಕ್-ಆಫ್ ಎಲ್ಲರೂ ಮಾಡುತ್ತಾರೆ, ಯಾವುದಾದರೂ ನಡೆಯುತ್ತದೆ. ಜೆಲ್‌ನಲ್ಲಿ ತೀರಾ ಸಣ್ಣ ಗಟ್ಟಿ ಕಣಗಳನ್ನು ಕಲಸಿರುತ್ತಾರೆ. ಬೆರಳಿಗೆ ನುಣ್ಣನೆ ಮರಳು ಮುಟ್ಟಿದ ಹಾಗೆ ಅನ್ನಿಸುತ್ತದೆ. ಬಿಗಿದಾಗ ಆ ಕಣಗಳು ಎರಡೂ ಮೈಗೆ ಕಚ್ಚಿಕೊಳ್ಳುತ್ತವೆ. ಅದು ಅಂಟಲ್ಲ, ಒಣಗಿ ಹಿಡಿಯುವುದೂ ಇಲ್ಲ. ಅದರಿಂದಾಗಿ ಕಡಿಮೆ ಬಿಗಿತಕ್ಕೇ ಪೋಸ್ಟ್ ನಿಲ್ಲುತ್ತದೆ.

ತೆಳ್ಳಗೆ ಹಚ್ಚಿದರೆ ಸಾಕು. ಪೋಸ್ಟ್‌ನ ಒಳಹೋಗುವ ಭಾಗಕ್ಕೆ, ಮತ್ತೆ ಫ್ರೇಮ್‌ನ ಒಳಗೆ ಕ್ಲ್ಯಾಂಪ್ ಎದುರಿನ ಎರಡು ಮೂರು ಸೆಂ.ಮೀ. ಜಾಗಕ್ಕೆ. ಪೋಸ್ಟನ್ನು ಗಿರಗಿರ ತಿರುಗಿಸುತ್ತಾ ಇಳಿಸಬೇಡಿ, ಕಣಗಳು ಗೀರುತ್ತವೆ. ಬೇಕಾದ ಎತ್ತರಕ್ಕೆ ನೇರ ಇಳಿಸಿ, ಹೊರಬಂದ ಪೇಸ್ಟ್ ಒರೆಸಿ.

ಮೊದಲು 3ಕ್ಕೆ, ಆಮೇಲೆ 4ಕ್ಕೆ ಬಿಗಿಯಿರಿ. ಅಲ್ಲಿ ನಿಲ್ಲಿಸಿ ಸೀಟಿನ ಮೇಲೆ ಧೊಪ್ಪನೆ ಕೂತು ನೋಡಿ. ಟೇಪ್ ಅಲುಗದಿದ್ದರೆ 4ರಲ್ಲೇ ಬಿಡಿ. 5 ಎಂದು ಬರೆದಿರುವುದು ಮುಟ್ಟಲೇಬೇಕಾದ ಗುರಿಯಲ್ಲ, ದಾಟಬಾರದ ಗೆರೆ.

ಲೆಕ್ಕದವ:

ಬೋಲ್ಟ್ ಬಗ್ಗೆ ಒಂದು ಮಾತು. ತುಕ್ಕು ಹಿಡಿದ ಒಣ ಬೋಲ್ಟ್‌ನಲ್ಲಿ ಆ 0.2 ಗುಣಾಂಕ 0.3ಕ್ಕೆ ಏರುತ್ತದೆ. ಆಗ ಅದೇ 5 ನ್ಯೂಟನ್ ಮೀಟರ್‌ಗೆ ಸಿಗುವ ಎಳೆತ 3,300 ನ್ಯೂಟನ್ ಮಾತ್ರ. ಥ್ರೆಡ್‌ಗೆ ಮತ್ತು ಬೋಲ್ಟ್ ತಲೆಯ ಕೆಳಗೆ ಚೂರು ಗ್ರೀಸ್ ಹಾಕಿದರೆ 0.15 ಆಸುಪಾಸಿಗೆ ಇಳಿಯುತ್ತದೆ, ಎಳೆತ 6,600 ದಾಟುತ್ತದೆ. ರೆಂಚ್ ಎರಡೂ ಸಲ ಒಂದೇ ಥರ ಟಿಕ್ ಎನ್ನುತ್ತದೆ, ಹಿಡಿತ ಮಾತ್ರ ಎರಡು ಪಟ್ಟು ವ್ಯತ್ಯಾಸ. ಹೊಸ ಬೋಲ್ಟ್‌ಗೆ ಗ್ರೀಸ್ ಹಾಕಿಯೇ ಬಂದಿದ್ದರೆ 4ರಲ್ಲಿ ನಿಲ್ಲಿಸಿ ಎನ್ನುವ ಮಾತಿಗೆ ಇದೂ ಒಂದು ಕಾರಣ.

ಗ್ರೀಸ್ ಬೋಲ್ಟ್‌ಗೆ, ಪೇಸ್ಟ್ ಪೋಸ್ಟ್‌ಗೆ. ಒಂದೇ ಬೆರಳಲ್ಲಿ ಎರಡೂ ಕೆಲಸ ಮಾಡಬೇಡಿ.

ಮಣ್ಣುಹಾದಿ:

ಮಣ್ಣು ರಸ್ತೆಯಲ್ಲಿ ಓಡಿಸುವವರಿಗೆ ಒಂದು ಸೇರಿಸುತ್ತೇನೆ. ಫ್ರೇಮ್‌ನ ಸೀಳು ಹಿಂದಕ್ಕೆ ಇದ್ದರೆ ಹಿಂದಿನ ಚಕ್ರ ಎರಚುವ ಕೆಸರು ನೇರ ಒಳಗೆ ಹೋಗುತ್ತದೆ. ಹಳೆಯ ಟ್ಯೂಬ್‌ನಿಂದ ಒಂದು ಬಳೆ ಕತ್ತರಿಸಿ ಕ್ಲ್ಯಾಂಪ್ ಮೇಲೆ, ಸೀಳು ಮುಚ್ಚುವ ಹಾಗೆ ಹಾಕಿಕೊಳ್ಳಿ. ನೋಡಲು ಅಷ್ಟಕ್ಕಷ್ಟೆ, ಆದರೆ ಒಳಗೆ ಮಣ್ಣು ಇಳಿಯುವುದಿಲ್ಲ.

ಮೌಂಟನ್ ಬೈಕ್‌ನ ಡ್ರಾಪರ್ ಪೋಸ್ಟ್ (ಓಡಿಸುವಾಗಲೇ ಸೀಟು ಇಳಿಸಿ ಏರಿಸುವ ಪೋಸ್ಟ್) ಇಟ್ಟುಕೊಂಡವರು ಈ ಸಲಹೆಗಳನ್ನು ಹಾಗೇ ತೆಗೆದುಕೊಳ್ಳಬೇಡಿ. ಡ್ರಾಪರ್ ತಾನಾಗಿ ಇಳಿಯುತ್ತಿದ್ದರೆ ತೊಂದರೆ ಒಳಗಿನ ಕಾರ್ಟ್ರಿಜ್‌ನದ್ದಿರಬಹುದು, ಕ್ಲ್ಯಾಂಪ್‌ನದ್ದಲ್ಲ. ಅಲ್ಲಿ ಕ್ಲ್ಯಾಂಪ್ ಜಾಸ್ತಿ ಬಿಗಿದರೆ ಹೊರ ಕೊಳವೆ ಅದುಮಿ ಪೋಸ್ಟ್ ಮೇಲೇಳುವುದೇ ನಿಧಾನವಾಗುತ್ತದೆ.

ಏರುದಾರಿ:

ಹೊಸ ಕ್ಲ್ಯಾಂಪ್ ಬಂತು. 34.9, ಒಂದು ಬೋಲ್ಟಿನದು. 4ಕ್ಕೆ ಬಿಗಿದಾಗ ಕಿವಿಗಳ ನಡುವೆ ಕಾಣುವಷ್ಟು ಸಂದು ಉಳಿದಿದೆ. ಪೇಸ್ಟ್ ಹಚ್ಚಿದ್ದೇನೆ. ಮೊದಲ ರೈಡ್‌ನಲ್ಲಿ ಟೇಪ್ ಒಂದು ಚೂರು, ಅರ್ಧ ಮಿ.ಮೀ. ಇದ್ದೀತು, ಅಲುಗಿದ ಹಾಗಿತ್ತು. ಬಂದು ಬೋಲ್ಟ್ ನೋಡಿದರೆ 4ಕ್ಕಿಂತ ಕಡಿಮೆಯಾಗಿತ್ತು.

ಹಳೇಸ್ಪ್ಯಾನರ್:

ಅದು ಕೂರುವುದು. ಪೇಸ್ಟ್ ಹರಡಿಕೊಳ್ಳುತ್ತದೆ, ಹೊಸ ಕ್ಲ್ಯಾಂಪ್ ತನ್ನ ಜಾಗ ಹಿಡಿಯುತ್ತದೆ, ಅಷ್ಟಕ್ಕೆ ಬೋಲ್ಟ್ ಸ್ವಲ್ಪ ಸಡಿಲವಾಗುತ್ತದೆ. ಮತ್ತೆ 4ಕ್ಕೆ ತನ್ನಿ. ಇನ್ನೊಂದು ರೈಡ್ ಆದ ಮೇಲೂ ಅಲುಗಿದರೆ ಮಾತ್ರ 4.5ಕ್ಕೆ ಹೋಗಿ. ಬಿಗಿಯುವಾಗ ಕಟಕಟ ಎಂದು ಒಣ ಸದ್ದು ಬಂದರೆ ಅಲ್ಲೇ ನಿಲ್ಲಿಸಬೇಕು.

ಏರುದಾರಿ:

ಮತ್ತೆ 4ಕ್ಕೆ ತಂದೆ. ಟೇಪ್ ಇದ್ದಲ್ಲೇ ಇದೆ. ಮಂಡಿ ನೋವೂ ಹೋಗಿದೆ. ಎಲ್ಲರಿಗೂ ಧನ್ಯವಾದ, ಬಿಗಿಪಟ್ಟು ಅವರಿಗೂ.

ಬಿಗಿಪಟ್ಟು:

ನನ್ನ ಕ್ಲ್ಯಾಂಪ್‌ನ ಕಿವಿಗಳೂ ತಾಗಿಕೊಂಡಿವೆ. ಈಗ ತಾನೇ ನೋಡಿದೆ. ಯಾರೂ ಏನೂ ಹೇಳಬೇಡಿ.

ಗಾಳಿಗೆದುರು:

ನನ್ನದು ಏರೋ ಫ್ರೇಮ್. ಪೋಸ್ಟ್ ಗುಂಡಗಿಲ್ಲ, ಹಿಂದೆ ಚಪ್ಪಟೆ. ಹೊರಗೆ ಕ್ಲ್ಯಾಂಪೇ ಇಲ್ಲ, ಟಾಪ್ ಟ್ಯೂಬ್ (ಫ್ರೇಮ್‌ನ ಮೇಲಿನ ಕೊಳವೆ) ಒಳಗೆ ಪೋಸ್ಟ್ ಒತ್ತಿ ಹಿಡಿಯುವ ಒಂದು ಬೆಣೆ ಇದೆ. ಅದೂ ಆಗಾಗ ಇಳಿಯುತ್ತದೆ. ಇದಕ್ಕೂ ಇದೇ ಕ್ರಮವಾ?

ಹಳೇಸ್ಪ್ಯಾನರ್:

ಶುಚಿ ಮಾಡುವುದು, ಪೇಸ್ಟ್, ಟೇಪ್ ಇವೆಲ್ಲ ಅದೇ. ಬೇರೆಯಾಗುವುದು ಬೆಣೆ. ಅದರಲ್ಲಿ ಎರಡು ಥರದ ಮೈ ಇದೆ. ಪೋಸ್ಟ್‌ಗೆ ಒತ್ತುವ ಮೈಗೆ ಪೇಸ್ಟ್ ಬೇಕು. ಬೆಣೆಯ ತುಂಡುಗಳು ಒಂದರ ಮೇಲೊಂದು ಜಾರುವ ಇಳಿಜಾರು ಮೈಗೆ ಮತ್ತು ಬೋಲ್ಟ್‌ಗೆ ಚೂರು ಗ್ರೀಸ್ ಬೇಕು. ಜನ ಎಲ್ಲ ಕಡೆ ಪೇಸ್ಟ್ ಬಳಿದುಬಿಡುತ್ತಾರೆ. ಆಗ ಇಳಿಜಾರಿನಲ್ಲೇ ಬೆಣೆ ಸಿಕ್ಕಿಕೊಂಡು ಪೋಸ್ಟ್ ಕಡೆಗೆ ಸರಿಯುವುದಿಲ್ಲ. ಟಾರ್ಕ್ ಬಂತು, ಹಿಡಿತ ಬರಲಿಲ್ಲ. ಏರುದಾರಿಯ ಕಿವಿಗಳ ಕಥೆಯೇ ಇಲ್ಲಿ ಬೇರೆ ರೂಪದಲ್ಲಿದೆ.

ಬೆಣೆಯ ಬಿಗಿತ ಒಂದೊಂದು ಕಂಪನಿಯದು ಒಂದೊಂದು, ಗುಂಡು ಕ್ಲ್ಯಾಂಪ್‌ನ 5 ಇಲ್ಲಿಗೆ ತರಬೇಡಿ. ಪೋಸ್ಟ್ ತೆಗೆಯುವಾಗ ಬೋಲ್ಟನ್ನು ಪೂರ್ತಿ ಬಿಚ್ಚಬೇಡಿ, ಎರಡು ಮೂರು ಸುತ್ತು ಉಳಿಸಿ. ಇಲ್ಲದಿದ್ದರೆ ಬೆಣೆ ಕಳಚಿ ಸೀಟ್ ಟ್ಯೂಬ್‌ನ ತಳಕ್ಕೆ ಹೋಗಿ ಕೂರುತ್ತದೆ.

ಹೊಸಪೆಡಲ್:

ಮಧ್ಯೆ ಬಂದದ್ದಕ್ಕೆ ಕ್ಷಮಿಸಿ. ನನ್ನದು ಉಲ್ಟಾ ಸಮಸ್ಯೆ. ಕಾರ್ಬನ್ ಫ್ರೇಮ್, ಅಲ್ಯೂಮಿನಿಯಂ ಪೋಸ್ಟ್. ಅಲುಗುತ್ತಲೇ ಇಲ್ಲ. ಅಂಚಿನಲ್ಲಿ ಬಿಳಿ ಪುಡಿ ಕಾಣುತ್ತದೆ. ಹೇರ್ ಡ್ರೈಯರ್ ಹಿಡಿಯಲಾ?

ಲೆಕ್ಕದವ:

ಬೇಡ. ಆ ಬಿಳಿ ಪುಡಿ ಅಲ್ಯೂಮಿನಿಯಂ ತಿಂದುಹೋಗಿ ಆದದ್ದು. ಕಾರ್ಬನ್ ನಾರು ವಿದ್ಯುತ್ ಹರಿಸುತ್ತದೆ. ಅಲ್ಯೂಮಿನಿಯಂ ಪಕ್ಕದಲ್ಲಿದ್ದು ನಡುವೆ ಉಪ್ಪಿನ ನೀರು, ಅಂದರೆ ಬೆವರು, ಸೇರಿದರೆ ಬ್ಯಾಟರಿ ಕೆಲಸ ಮಾಡುವ ಹಾಗೆ ಅಲ್ಯೂಮಿನಿಯಂ ಸವೆಯುತ್ತದೆ. ಸವೆದು ಆದ ಪುಡಿಗೆ ಜಾಗ ಜಾಸ್ತಿ ಬೇಕು, ಹಾಗಾಗಿ ಪೋಸ್ಟ್ ಸಿಕ್ಕಿಕೊಳ್ಳುತ್ತದೆ.

ಬಿಸಿ ಮಾಡಿದರೆ ಅಲ್ಯೂಮಿನಿಯಂ ಹಿಗ್ಗುತ್ತದೆ, ಕಾರ್ಬನ್ ಹೆಚ್ಚುಕಡಿಮೆ ಹಿಗ್ಗುವುದೇ ಇಲ್ಲ. ಇನ್ನೂ ಗಟ್ಟಿಯಾಗಿ ಸಿಕ್ಕಿಕೊಳ್ಳುತ್ತದೆ. ಜಾಸ್ತಿ ಬಿಸಿಯಾದರೆ ಕಾರ್ಬನ್‌ನ ಎಪಾಕ್ಸಿ ಮೆತ್ತಗಾಗುವ ಅಪಾಯ ಬೇರೆ. ತಂಪು ಮಾಡಿ. ಸೀಟು ತೆಗೆದು, ಪೋಸ್ಟ್‌ನ ಮೇಲ್ತುದಿ ತೆರೆದಿದ್ದರೆ ಒಳಗೆ ಪುಡಿ ಮಾಡಿದ ಮಂಜುಗಡ್ಡೆ ತುಂಬಿ. 40 ಡಿಗ್ರಿ ಇಳಿದರೆ 27.2 ಮಿ.ಮೀ. ಪೋಸ್ಟ್ 0.025 ಮಿ.ಮೀ. ಕುಗ್ಗುತ್ತದೆ. ಮಂಜುಗಡ್ಡೆಯಲ್ಲಿ ಅಷ್ಟು ಇಳಿಯಲಿಕ್ಕಿಲ್ಲ, ಸೈಕಲ್ ಬೆಚ್ಚಗಿನ ಜಾಗದಲ್ಲಿದ್ದರೆ 25–30 ಡಿಗ್ರಿ ಸಿಗಬಹುದು. ಕುಗ್ಗುವುದು ಕಡಿಮೆಯೇ. ಆ ಪುಡಿಯ ಹಿಡಿತ ಬಿಡಿಸಲು ಕೆಲವೊಮ್ಮೆ ಅಷ್ಟೇ ಸಾಕು.

ಹಳೇಸ್ಪ್ಯಾನರ್:

ಅದಕ್ಕೂ ಮೊದಲು ಕ್ಲ್ಯಾಂಪ್ ಪೂರ್ತಿ ತೆಗೆದಿಡಿ. ಸೀಳಿನಲ್ಲಿ ಮತ್ತು ಅಂಚಿನ ಸುತ್ತ ತೂರಿಹೋಗುವ ಎಣ್ಣೆ ಬಿಟ್ಟು ರಾತ್ರಿಯಿಡೀ ಬಿಡಿ. ಆಮೇಲೆ ಮಂಜುಗಡ್ಡೆ. ಹಳೆಯ ಸೀಟೊಂದನ್ನು ಸಿಕ್ಕಿಸಿ, ಅದನ್ನೇ ಹಿಡಿಯಾಗಿ ಮಾಡಿಕೊಂಡು ಎಡಕ್ಕೆ ಬಲಕ್ಕೆ ಕೈಬಲದಲ್ಲೇ ಅಲುಗಿಸಿ. ಪೋಸ್ಟನ್ನು ವೈಸ್‌ಗೆ ಹಾಕಿ ಫ್ರೇಮ್ ತಿರುಗಿಸುವ ವಿಡಿಯೋಗಳು ಬಹಳ ಇವೆ. ಉಕ್ಕಿಗೆ ನಡೆಯುತ್ತದೆ, ಕಾರ್ಬನ್ ಫ್ರೇಮ್‌ನ ತೆಳು ಕೊಳವೆಗಳು ಆ ತಿರುಚನ್ನು ತಡೆಯುವುದಿಲ್ಲ.

ಕೈಯಲ್ಲಿ ಅಲುಗದಿದ್ದರೆ ಎಣ್ಣೆ, ಮಂಜುಗಡ್ಡೆ ಮತ್ತೊಮ್ಮೆ. ಆಗಲೂ ಬರದಿದ್ದರೆ ಪೋಸ್ಟನ್ನು ಒಳಗಿನಿಂದ ಕತ್ತರಿಸಿ ತೆಗೆಯಬೇಕು, ಅದು ಕಾರ್ಬನ್ ರಿಪೇರಿ ಮಾಡುವವರಿಗೆ ಬಿಡಿ. ಒಂದು ವೇಳೆ ಬಂದರೆ ಒಳಗಿನ ಬಿಳಿ ಪುಡಿ ಪೂರ್ತಿ ಒರೆಸಿ, ಪೋಸ್ಟ್‌ನಲ್ಲಿ ಗುಳಿ ಬಿದ್ದಿದೆಯಾ ನೋಡಿ. ಮತ್ತೆ ಹಾಕುವಾಗ ಪೇಸ್ಟ್ ಹಚ್ಚಿ. ವರ್ಷಕ್ಕೆರಡು ಸಲ ಹೊರಗೆ ತೆಗೆದು ಒರೆಸಿ ಹಾಕಿ.

ಹೊಸಪೆಡಲ್:

ಎಣ್ಣೆ ಈಗಲೇ ಬಿಡುತ್ತೇನೆ. ಬಾಟಲ್ ಹಿಡಿಯುವ ಬೋಲ್ಟ್‌ಗಳ ತೂತಿನಿಂದಲೂ ಬಿಡಬಹುದಾ?

ಹಳೇಸ್ಪ್ಯಾನರ್:

ಬಿಡಬಹುದು. ಸೈಕಲ್ ತಲೆಕೆಳಗಾಗಿ ನಿಲ್ಲಿಸಿ ಬಿಟ್ಟರೆ ಎಣ್ಣೆ ಪೋಸ್ಟ್‌ನ ಕೆಳತುದಿಗೆ ಹೋಗುತ್ತದೆ. ಬ್ರೇಕ್ ಡಿಸ್ಕ್ ಮುಚ್ಚಿ.